ಹಾಲೂಡಿಸುವ ತಾಯಿ ಫಿಸಿಯೋಥೆರಪಿಗೆ ಬಂದಾಗ

ಫಿಸಿಯೋಥೆರಪಿಸ್ಟರಾದ ನಮ್ಮಲ್ಲಿಗೆ ಮೊದಲ ಭೇಟಿಗೆ ಬರುವ ತಾಯಂದಿರಿಗೆ ಫೋನಿನಲ್ಲೇ ಒಂದು ಮಾತು ಹೇಳಿರುತ್ತೇವೆ: ಮಗುವಿಗೆ ಹೊಟ್ಟೆ ತುಂಬ ಹಾಲು ಕುಡಿಸಿ ಕರೆತರಬೇಡಿ, ಹಸಿವಾಗುವ ಹೊತ್ತಿಗೆ ಬನ್ನಿ. ಮನೆಯಲ್ಲಿ ಹಾಲೂಡಿಸುವಾಗ ಇಟ್ಟುಕೊಳ್ಳುವ ದಿಂಬನ್ನೂ ತನ್ನಿ. ಬೆನ್ನುನೋವಿಗೆಂದು ಬಂದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ನೋವು ಬೆನ್ನಲ್ಲಿದೆ, ಇವರು ನೋಡುವುದು ಮಗು ಹಾಲು ಕುಡಿಯುವುದನ್ನ. ಆದರೆ ಈ ಚಿಕಿತ್ಸೆಯಲ್ಲಿ ಕೈಯಿಂದ ಮಾಡುವ ಕೆಲಸಕ್ಕಿಂತ ಕಣ್ಣಿಂದ ಮಾಡುವ ಕೆಲಸವೇ ಹೆಚ್ಚು.

ಲೆಕ್ಕ ಹಾಕಿ ನೋಡಿ. ಮೊದಲ ವಾರಗಳಲ್ಲಿ ಮಗು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಒಂದು ಸಲಕ್ಕೆ 20ರಿಂದ 30 ನಿಮಿಷ ಅಂದುಕೊಂಡರೂ ದಿನಕ್ಕೆ ಸರಿಸುಮಾರು ಮೂರರಿಂದ ಆರು ಗಂಟೆ ತಾಯಿ ಒಂದೇ ಭಂಗಿಯಲ್ಲಿ ಕೂತಿರುತ್ತಾಳೆ. ದೊಡ್ಡವರ ತಲೆಯ ತೂಕ ಸುಮಾರು 5 ಕಿಲೋ. ಅದನ್ನು ಮುಂದಕ್ಕೆ ಬಾಗಿಸಿಕೊಂಡು ಕೂತರೆ ಕತ್ತಿನ ಹಿಂಭಾಗದ ಸ್ನಾಯುಗಳು ಅಷ್ಟು ಹೊತ್ತೂ ಅದನ್ನು ಎಳೆದು ಹಿಡಿದಿರಬೇಕು. ಬಸಿರಿನಲ್ಲಿ ಹೊಟ್ಟೆಯ ಸ್ನಾಯುಗಳು ಹಿಗ್ಗಿ ಸಡಿಲವಾಗಿವೆ, ನಿದ್ದೆ ಇಲ್ಲ, ಎದೆಯ ಭಾರ ಹೆಚ್ಚಾಗಿದೆ. ಇಂಥ ಮೈಯ ಬೆನ್ನನ್ನು ವಾರಕ್ಕೊಮ್ಮೆ ಅರ್ಧ ಗಂಟೆ ತಿಕ್ಕಿ ಕಳಿಸಿದರೆ ನೋವು ಸಂಜೆಗೆ ವಾಪಸ್ ಬರುತ್ತದೆ. ದಿನಕ್ಕೆ ಹತ್ತು ಸಲ ಆಗುವ ತಪ್ಪನ್ನು ಮೊದಲು ಸರಿಮಾಡಬೇಕು.

ಶುರುವಿಗೆ ಪ್ರಶ್ನೆಗಳು. ಹೆರಿಗೆ ಸಹಜವೋ ಸಿಸೇರಿಯನ್ನೋ, ಹೊಲಿಗೆ ಬಿದ್ದಿದೆಯೇ, ನೋವು ಹಾಲೂಡಿಸುವಾಗ ಬರುತ್ತದೋ ಆಮೇಲೋ, ಮಗು ಒಂದೇ ಕಡೆಯ ಎದೆಯನ್ನು ಇಷ್ಟಪಡುತ್ತದೆಯೇ, ಕೆಮ್ಮಿದಾಗ ಮೂತ್ರ ಸೋರುತ್ತದೆಯೇ, ಜ್ವರ ಬಂದಿತ್ತೇ, ಎದೆಗೆ ಹಿಂದೆ ಶಸ್ತ್ರಚಿಕಿತ್ಸೆ ಆಗಿತ್ತೇ, ಮಗುವಿನ ತೂಕ ಏರುತ್ತಿದೆಯೇ. ಮೂತ್ರದ ಪ್ರಶ್ನೆಗೆ ಹೆಚ್ಚಿನವರು ಮೊದಲು ಇಲ್ಲ ಅನ್ನುತ್ತಾರೆ. ಕೊನೆಯಲ್ಲಿ ಇನ್ನೊಮ್ಮೆ ಕೇಳಿದಾಗ ಹೌದು ಅನ್ನುತ್ತಾರೆ. ಹಾಗಾಗಿ ಅದನ್ನು ಎರಡು ಸಲ ಕೇಳುವುದೇ ಕ್ರಮ.

ಆಮೇಲೆ ಮಗುವನ್ನು ಎದೆಗೆ ಹಚ್ಚಿಕೊಳ್ಳಲು ಹೇಳಿ ಮೂರು ನಾಲ್ಕು ನಿಮಿಷ ಸುಮ್ಮನೆ ನೋಡುತ್ತೇವೆ. ಸರಿಯಾಗಿ ಕೂರಿ ಎಂದು ಆಗಲೇ ಹೇಳಿಬಿಟ್ಟರೆ ಮನೆಯಲ್ಲಿ ನಿಜವಾಗಿ ಹೇಗೆ ಕೂರುತ್ತಾರೆಂದು ಗೊತ್ತಾಗುವುದಿಲ್ಲ. ನೋಟ ಕಾಲಿನಿಂದ ಶುರುವಾಗಲಿ. ಹಿಮ್ಮಡಿ ನೆಲ ಬಿಟ್ಟು ಬೆರಳ ತುದಿಯ ಮೇಲೆ ಕಾಲು ನಿಂತಿದೆ ಎಂದರೆ ಕುರ್ಚಿ ಎತ್ತರವಾಯಿತು, ಮಗು ಜಾರದಂತೆ ಆಕೆ ತೊಡೆಯನ್ನು ಎತ್ತಿ ಹಿಡಿದಿದ್ದಾಳೆ ಎಂದು ಅರ್ಥ. ಮಗು ತೊಟ್ಟು ಕಚ್ಚಿದ ಗಳಿಗೆಯಲ್ಲಿ ಕಾಲ್ಬೆರಳುಗಳು ಮುದುಡಿದರೆ ತೊಟ್ಟು ನೋಯುತ್ತಿದೆ, ಬಾಯಲ್ಲಿ ಹೇಳಲಿ ಬಿಡಲಿ. ಸೊಂಟ ಕುರ್ಚಿಯ ಮುಂದಿನ ಅಂಚಿಗೆ ಜಾರಿರುತ್ತದೆ, ನಡುಬೆನ್ನು ಹಿಂದಕ್ಕೆ ಉಬ್ಬಿ ಗೂನಾಗಿರುತ್ತದೆ. ಮಗುವಿನ ತಲೆ ಹಿಡಿದ ಕಡೆಯ ಹೆಗಲು ಕಿವಿಯ ಹತ್ತಿರಕ್ಕೆ ಏರಿರುತ್ತದೆ, ಮೊಣಕೈ ಗಾಳಿಯಲ್ಲಿ ತೂಗುತ್ತಿರುತ್ತದೆ, ಇನ್ನೊಂದು ಕೈ ಎದೆಯನ್ನು ಅಮುಕಿ ಹಿಡಿದಿರುತ್ತದೆ. ಮಗುವಿನ ಹೊಟ್ಟೆ ಮೇಲ್ಮುಖವಾಗಿದ್ದು ಮುಖ ಮಾತ್ರ ಎದೆಯ ಕಡೆ ತಿರುಗಿದ್ದರೆ ಅದಕ್ಕೂ ಕತ್ತು ತಿರುಚಿಕೊಂಡು ನುಂಗುವುದು ಕಷ್ಟ. ಹಾಗಾಗಿ ಅದು ತೊಟ್ಟನ್ನಷ್ಟೇ ಹಿಡಿದು ಎಳೆಯುತ್ತದೆ.

ಸರಿಮಾಡುವುದು ಕೆಳಗಿನಿಂದಲೇ. ಪಾದದ ಕೆಳಗೆ 10ರಿಂದ 15 ಸೆಂಟಿಮೀಟರ್ ಎತ್ತರದ ಮಣೆ ಅಥವಾ ಸ್ಟೂಲ್. ಸೊಂಟ ಕುರ್ಚಿಯ ಹಿಂಬದಿಗೆ ಅಂಟಬೇಕು. ಸೊಂಟದ ಒಳಬಾಗಿನಲ್ಲಿ ಸುತ್ತಿದ ಒಂದು ಟವೆಲ್. ಬೆನ್ನು ಕಡ್ಡಿಯ ಹಾಗೆ ನೆಟ್ಟಗಿರಬೇಕಿಲ್ಲ. 30ರಿಂದ 45 ಡಿಗ್ರಿ ಹಿಂದಕ್ಕೆ ಒರಗಿದರೆ ಮಗುವಿನ ಭಾರ ತಾಯಿಯ ಎದೆಗೂಡಿನ ಮೇಲೆ ಬೀಳುತ್ತದೆ, ಕೈಗೆ ಕೆಲಸ ಕಡಿಮೆಯಾಗುತ್ತದೆ. ಮಗುವಿನ ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿ ಇರಲಿ, ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಲಿ. ಮಗುವಿನ ಮೂಗು ತೊಟ್ಟಿನ ಎದುರಿಗೆ ಬಂದಾಗ ಅದು ತಲೆ ಹಿಂದಕ್ಕೆ ಚಾಚಿ ಬಾಯಿ ಅಗಲಿಸುತ್ತದೆ. ಆಗ ಮಗುವನ್ನು ಎದೆಯ ಕಡೆಗೆ ತರಬೇಕು. ಎದೆಯನ್ನು ಮಗುವಿನ ಕಡೆಗೆ ಬಗ್ಗಿಸಿದಾಗಲೇ ಬೆನ್ನುನೋವು ಹುಟ್ಟುವುದು.

ದಿಂಬಿನ ವಿಷಯದಲ್ಲಿ ಆಗುವ ತಪ್ಪು ಒಂದೇ ಥರದ್ದು. ಮೊದಲು ದಿಂಬು ಇಟ್ಟು, ಅದರ ಮೇಲೆ ಮಗುವನ್ನು ಮಲಗಿಸಿ, ಆ ಎತ್ತರಕ್ಕೆ ಎದೆಯನ್ನು ಹೊಂದಿಸಲು ಹೋಗುತ್ತಾರೆ. ದಿಂಬು ತಗ್ಗಾಗಿದ್ದರೆ ತಾಯಿ ಬಗ್ಗುತ್ತಾಳೆ, ಎತ್ತರವಾಗಿದ್ದರೆ ಮಗುವಿನ ಗದ್ದ ಅದರದ್ದೇ ಎದೆಗೆ ಒತ್ತಿಕೊಂಡು ನುಂಗುವುದು ಕಷ್ಟವಾಗುತ್ತದೆ. ಮಗು ಸರಿಯಾಗಿ ಹಿಡಿದ ಮೇಲೆ ಮೊಣಕೈ ಮತ್ತು ಮುಂಗೈ ಕೆಳಗೆ ಎಷ್ಟು ಸಂದು ಉಳಿದಿದೆಯೋ ಅಷ್ಟನ್ನು ಮಾತ್ರ ದಿಂಬಿನಿಂದ ತುಂಬಬೇಕು. ಅದಕ್ಕೆ ಮಡಚಿದ ಎರಡು ಟವೆಲ್ ಸಾಕಾಗುತ್ತದೆ. ಹಾಲೂಡಿಸಲೆಂದೇ ಮಾಡಿದ ದೊಡ್ಡ ದಿಂಬುಗಳು ಎತ್ತರದ ಮೈಕಟ್ಟಿನವರಿಗೆ ತಗ್ಗು, ಗಿಡ್ಡ ಮೈಕಟ್ಟಿನವರಿಗೆ ಎತ್ತರ. ಕೊಳ್ಳುವ ಮೊದಲು ಕೂತು ನೋಡಬೇಕು.

ಹಾಲು ಕುಡಿದು ಬಿಟ್ಟ ತಕ್ಷಣ ತೊಟ್ಟಿನ ಆಕಾರ ನೋಡಿಕೊಳ್ಳಿ. ಗುಂಡಾಗಿದ್ದರೆ ಸರಿ. ಒಂದು ಕಡೆ ಓರೆಯಾಗಿ ಚಪ್ಪಟೆಯಾಗಿದ್ದರೆ, ಬಿಳಿಚಿದ್ದರೆ, ಮಗು ಆಳವಾಗಿ ಹಿಡಿದಿಲ್ಲ. ಭಂಗಿ ತಿದ್ದಿದ ಮೇಲೂ ಹಾಗೇ ಆದರೆ ಸ್ತನ್ಯಪಾನ ಸಲಹೆಗಾರರನ್ನು ಕಾಣಬೇಕು. ಅದು ಫಿಸಿಯೋ ಒಬ್ಬರೇ ಮುಗಿಸುವ ಕೆಲಸ ಅಲ್ಲ.

ಹೊಲಿಗೆ ಇರುವವರಿಗೆ, ರಾತ್ರಿ ಹೊತ್ತಿಗೆ, ಮಗ್ಗುಲಲ್ಲಿ ಮಲಗಿ ಹಾಲೂಡಿಸುವುದು ಒಳ್ಳೆಯದು. ತಲೆಯ ಕೆಳಗೆ ದಿಂಬು, ಮಂಡಿಗಳ ನಡುವೆ ಇನ್ನೊಂದು, ಬೆನ್ನ ಹಿಂದೆ ಒರಗಲು ಮತ್ತೊಂದು. ಕೆಳಗಿನ ಕೈ ಮಗುವಿನ ತಲೆಯ ಆಚೆಗೆ ಮಡಚಿಕೊಂಡಿರಲಿ. ಸಿಸೇರಿಯನ್ ಆದವರು ಕೂತೇ ಕುಡಿಸುವುದಾದರೆ ಮಗುವನ್ನು ಕಂಕುಳ ಕೆಳಗೆ, ಕಾಲು ಹಿಂದಕ್ಕೆ ಬರುವಂತೆ ಹಿಡಿದುಕೊಂಡರೆ ಹೊಲಿಗೆಯ ಮೇಲೆ ಭಾರ ಬೀಳುವುದಿಲ್ಲ. ಸೋಫಾದಲ್ಲಿ ಒರಗಿ ಹಾಲೂಡಿಸುತ್ತಾ ನಿದ್ದೆ ಹೋಗುವುದು ಮಾತ್ರ ಅಪಾಯ. ಮಗು ಮೆತ್ತೆಯ ಸಂದಿಗೆ ಜಾರಿ ಉಸಿರುಗಟ್ಟಬಹುದು.

ಬೆನ್ನಿಗೆ ಕೈ ಹಚ್ಚುವುದು ಇದೆಲ್ಲ ಆದ ಮೇಲೆ. ಮಗು ಹಾಲು ಕುಡಿದು ಎದೆ ಹಗುರವಾಗಿರುವಾಗ ಇದಕ್ಕೆ ಒಳ್ಳೆಯ ಸಮಯ. ತುಂಬಿದ ಎದೆಯ ಮೇಲೆ ಬೋರಲು ಮಲಗಿಸುವುದು ಹಿಂಸೆ. ಮಗ್ಗುಲಲ್ಲಿ ಮಲಗಿಸಿ ಅಥವಾ ಮೇಜಿಗೆ ತಲೆಯಾನಿಸಿ ಕೂರಿಸಿ ಚಿಕಿತ್ಸೆ ಕೊಡುತ್ತೇವೆ. ಬಿಗಿದಿರುವುದು ಸಾಮಾನ್ಯವಾಗಿ ಎದೆಯ ಮುಂಭಾಗದ ಸ್ನಾಯುಗಳು ಮತ್ತು ಹೆಗಲ ಮೇಲಿನ ಸ್ನಾಯು. ಭುಜದ ಹಲಗೆಗಳ ನಡುವಿನವು ಎಳೆದು ಎಳೆದು ಸೋತಿರುತ್ತವೆ. ನೋವು ಹಿಂದೆ ಇದ್ದರೂ ಸಡಿಲಿಸಬೇಕಾದದ್ದು ಮುಂದೆ. ಹಿಂದಿನವನ್ನು ಬಲಪಡಿಸಬೇಕು.

ಮನೆಯ ವ್ಯಾಯಾಮ ನಾಲ್ಕಕ್ಕಿಂತ ಹೆಚ್ಚು ಕೊಡುವುದಿಲ್ಲ, ಕೊಟ್ಟರೆ ಒಂದನ್ನೂ ಮಾಡುವುದಿಲ್ಲ. ಗದ್ದವನ್ನು ನೇರ ಹಿಂದಕ್ಕೆ ಸರಿಸಿ 5 ಸೆಕೆಂಡ್ ಹಿಡಿಯುವುದು, 10 ಸಲ. ಭುಜದ ಹಲಗೆಗಳನ್ನು ಹಿಂದಕ್ಕೆ ಕೆಳಕ್ಕೆ ಎಳೆದು 5 ಸೆಕೆಂಡ್, 10 ಸಲ. ಇಲ್ಲಿ ಹೆಗಲು ಕಿವಿಯತ್ತ ಏರಿದರೆ ವ್ಯಾಯಾಮ ಕೆಟ್ಟಿತು. ಬಾಗಿಲ ಚೌಕಟ್ಟಿಗೆ ಮುಂಗೈ ಒರಗಿಸಿ ಒಂದು ಹೆಜ್ಜೆ ಮುಂದಿಟ್ಟು ಎದೆ ಹಿಗ್ಗಿಸುವುದು, 20ರಿಂದ 30 ಸೆಕೆಂಡ್, 3 ಸಲ. ಸುತ್ತಿದ ಟವೆಲನ್ನು ಭುಜದ ಹಲಗೆಗಳ ಕೆಳಗೆ ಅಡ್ಡಡ್ಡ ಇಟ್ಟು ಅಂಗಾತ ಮಲಗಿ ಎರಡು ನಿಮಿಷ ನಿಧಾನ ಉಸಿರು. ಬೇರೆ ಸಮಯ ಹುಡುಕಬೇಡಿ. ಮಗುವನ್ನು ಮಲಗಿಸಿದ ತಕ್ಷಣ, ದಿನಕ್ಕೆ ಮೂರು ಹೊತ್ತು ಸಾಕು. ಹಾಲೂಡಿಸುವಾಗ ಮೊಬೈಲ್ ನೋಡುವುದಾದರೆ ಕಣ್ಣಿನ ಎತ್ತರಕ್ಕೆ ಸ್ಟ್ಯಾಂಡಿನಲ್ಲಿ ಇಡಿ. ನೋಡಬೇಡಿ ಅನ್ನುವುದು ಸುಲಭ, ರಾತ್ರಿ ಮೂರು ಗಂಟೆಗೆ ಎಚ್ಚರ ಇರಬೇಕಾದವರಿಗೆ ಆ ಉಪದೇಶ ಪ್ರಯೋಜನವಿಲ್ಲ.

ಬೆನ್ನಿನ ಒಂದು ನೋವನ್ನು ಮಾತ್ರ ಬೇರೆಯಾಗಿ ನೋಡಬೇಕು. ಹಾಲೂಡಿಸುವ ತಿಂಗಳುಗಳಲ್ಲಿ ಬೆನ್ನೆಲುಬಿನ ಸಾಂದ್ರತೆ ಶೇ 3ರಿಂದ 7ರಷ್ಟು ಇಳಿಯುತ್ತದೆ. ಮಗುವಿಗೆ ಹೋಗುವ ಕ್ಯಾಲ್ಸಿಯಂನ ಒಂದು ಪಾಲು ತಾಯಿಯ ಮೂಳೆಯಿಂದಲೇ ಬರುವುದು. ಹಾಲು ಬಿಡಿಸಿದ ಮೇಲೆ ಅದು ಸಾಮಾನ್ಯವಾಗಿ ಮರಳಿ ತುಂಬಿಕೊಳ್ಳುತ್ತದೆ. ತೀರಾ ಅಪರೂಪಕ್ಕೆ ಕೆಲವರಲ್ಲಿ ಬೆನ್ನೆಲುಬಿನ ಮಣಿಯೇ ಕುಸಿಯುತ್ತದೆ. ಬಗ್ಗಿ ಮಗುವನ್ನು ಎತ್ತುವಾಗ ಛಳಕ್ಕನೆ ಹುಟ್ಟಿದ ತೀವ್ರ ನೋವು, ಎದ್ದು ನಿಂತರೆ ಹೆಚ್ಚಾಗುವುದು, ಎತ್ತರ ಕಡಿಮೆಯಾದಂತೆ ಕಾಣುವುದು, ಇಂಥದ್ದಿದ್ದರೆ ಬೆನ್ನು ಒತ್ತಿಸಿಕೊಳ್ಳದೆ ಮೊದಲು ವೈದ್ಯರ ಬಳಿ ಹೋಗಿ ಎಕ್ಸ್-ರೇ ಅಥವಾ ಎಂಆರ್‌ಐ ಮಾಡಿಸಬೇಕು.

ಇನ್ನು ಹಾಲು ಕಟ್ಟಿಕೊಂಡು ಎದೆಯಲ್ಲಿ ಗಡ್ಡೆಯಾಗುವುದು. ಫಿಸಿಯೋಥೆರಪಿ ಹಾಲೂಡಿಸುವಿಕೆಗೆ ನೇರವಾಗಿ ನೆರವಾಗುವ ಜಾಗ ಇದು. ತಪ್ಪು ಚಿಕಿತ್ಸೆ ಹೆಚ್ಚು ಹಾನಿ ಮಾಡುವ ಜಾಗವೂ ಇದೇ. ಗಡ್ಡೆಯನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ ತೊಟ್ಟಿನ ಕಡೆಗೆ ಹಿಂಡಿ ತೆಗೆಯಬೇಕು ಎಂಬ ನಂಬಿಕೆ ಬಹಳ ಹಳೆಯದು, ಚಿಕಿತ್ಸಕರೂ ಹಾಗೇ ಮಾಡುತ್ತಿದ್ದರು. ಹಾಲೂಡಿಸುವಿಕೆಯ ಬಗ್ಗೆ ಕೆಲಸ ಮಾಡುವ ವೈದ್ಯರ ಸಂಘಟನೆ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ 2022ರಲ್ಲಿ ಹೊರತಂದ ಮಾರ್ಗಸೂಚಿ ಇದನ್ನು ಬಿಡಲು ಸ್ಪಷ್ಟವಾಗಿ ಹೇಳುತ್ತದೆ. ಕಾರಣ ಎದೆಯ ರಚನೆಯಲ್ಲೇ ಇದೆ. ಹಾಲಿನ ನಾಳಗಳು ತೀರಾ ಸಣ್ಣವು, ಒಂದಕ್ಕೊಂದು ಹೆಣೆದುಕೊಂಡು ಹರಡಿವೆ. ಅಲ್ಲಿ ಗಟ್ಟಿ ಹಾಲಿನ ಬಿರಡೆ ಸಿಕ್ಕಿಕೊಂಡಿರುವುದಕ್ಕಿಂತ ಸುತ್ತಲಿನ ಊತ ನಾಳವನ್ನು ಹೊರಗಿನಿಂದ ಅಮುಕಿರುವುದೇ ಹೆಚ್ಚು. ಒತ್ತಿದರೆ ಸೂಕ್ಷ್ಮ ರಕ್ತನಾಳಗಳಿಗೆ ಪೆಟ್ಟಾಗಿ ಊತ ಇನ್ನೂ ಏರುತ್ತದೆ, ನಾಳ ಇನ್ನೂ ಮುಚ್ಚಿಕೊಳ್ಳುತ್ತದೆ. ಎದೆ ಖಾಲಿಯಾಗಲಿ ಎಂದು ಪಂಪ್ ಹಾಕಿ ಹಾಕಿ ತೆಗೆಯುವುದೂ ಹಾಗೇ: ತೆಗೆದಷ್ಟೂ ಎದೆ ಹೆಚ್ಚು ಹಾಲು ತಯಾರಿಸುತ್ತದೆ, ತುಂಬುವುದು ನಿಲ್ಲುವುದಿಲ್ಲ.

ಹಾಗಾದರೆ ಏನು ಮಾಡುತ್ತೇವೆ? ಊತವನ್ನು ಇಳಿಸುತ್ತೇವೆ. ಎದೆಯ ದುಗ್ಧರಸದ (ಇದು ಹಾಲಲ್ಲ, ಅಂಗಾಂಶಗಳಿಂದ ಹೊರಹೋಗುವ ತಿಳಿ ದ್ರವ) ಸುಮಾರು ಮುಕ್ಕಾಲು ಭಾಗ ಕಂಕುಳಿನ ದುಗ್ಧಗ್ರಂಥಿಗಳ ಕಡೆಗೆ ಹರಿಯುತ್ತದೆ. ಆದ್ದರಿಂದ ಕೆಲಸ ಗಡ್ಡೆಯ ಮೇಲೆ ಶುರುವಾಗುವುದಿಲ್ಲ, ಹೊರಹೋಗುವ ದಾರಿಯಲ್ಲಿ ಶುರುವಾಗುತ್ತದೆ. ತಾಯಿ ಅಂಗಾತ ಮಲಗಿ, ಆ ಕಡೆಯ ಕೈಯನ್ನು ತಲೆಯ ಪಕ್ಕಕ್ಕೆ ಇಟ್ಟುಕೊಳ್ಳಲಿ. ಮೊದಲು ಕಾಲರ್ ಬೋನಿನ ಮೇಲೆ, ಕತ್ತಿನ ಬುಡದ ಗುಳಿಯಲ್ಲಿ ಬೆರಳ ತುದಿಗಳಿಂದ 10 ಸಣ್ಣ ವೃತ್ತ. ಆಮೇಲೆ ಕಂಕುಳಲ್ಲಿ 10. ಅದಾದ ಮೇಲಷ್ಟೇ ತೊಟ್ಟಿನ ಕಡೆಯಿಂದ ಕಂಕುಳಿಗೆ, ಕಾಲರ್ ಬೋನಿಗೆ ಅಂಗೈಯಿಂದ ಸವರುವುದು. ದಿಕ್ಕನ್ನು ಗಮನಿಸಿ: ತೊಟ್ಟಿನಿಂದ ಆಚೆಗೆ. ಒತ್ತಡ ಎಷ್ಟು ಎಂದರೆ ಮಲಗಿರುವ ಮಗುವಿನ ಕೆನ್ನೆಯನ್ನು ಎಚ್ಚರವಾಗದಂತೆ ಸವರುವಷ್ಟು. ಚರ್ಮ ಸರಿಯಬೇಕು, ಒಳಗಿನ ಮಾಂಸ ಅಲುಗಬಾರದು. ಇದರಿಂದ ಏನಾದೀತು ಎಂದು ಅನುಮಾನಪಟ್ಟು ಮನೆಯಲ್ಲಿ ಸ್ವಲ್ಪ ಜೋರು ಮಾಡುವವರು ಬಹಳ. ಮರುದಿನ ಎದೆ ಕೆಂಪಗಾಗಿ ಬಂದಾಗ ಕೇಳದೆಯೇ ಗೊತ್ತಾಗುತ್ತದೆ. ಕೆಲವರು ಇದಕ್ಕೆ ಬಾಚಣಿಗೆಯನ್ನೂ ಕಂಪಿಸುವ ಮಸಾಜ್ ಯಂತ್ರವನ್ನೂ ಬಳಸುತ್ತಾರೆ, ಅದು ಬೇಡವೇ ಬೇಡ.

ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಅಥವಾ ತಣ್ಣನೆ ಪ್ಯಾಕ್, ಹಾಲೂಡಿಸಿದ ಮೇಲೆ 10ರಿಂದ 15 ನಿಮಿಷ, ಬೇಕಾದರೆ ದಿನಕ್ಕೆ ಹಲವು ಸಲ. ಬಿಸಿ ಶಾಖ ಕೆಲವರಿಗೆ ಹಿತವೆನಿಸುತ್ತದೆ, ಆದರೆ ಅದು ರಕ್ತನಾಳ ಹಿಗ್ಗಿಸಿ ಊತ ಹೆಚ್ಚಿಸಬಹುದು. ನೋವು ಜೋರಾಗಿರುವಾಗ ತಂಪೇ ಮೇಲು. ಐಬುಪ್ರೊಫೇನ್‌ನಂಥ ಊತ ಇಳಿಸುವ ಮಾತ್ರೆಯನ್ನು ಹಾಲೂಡಿಸುವವರಿಗೂ ವೈದ್ಯರು ಕೊಡುತ್ತಾರೆ, ಹೊಟ್ಟೆಹುಣ್ಣು ಅಥವಾ ಕಿಡ್ನಿ ತೊಂದರೆ ಇದ್ದರೆ ತಿಳಿಸಬೇಕು. ಮಗು ಕೇಳಿದಾಗ ಎರಡೂ ಕಡೆ ಎಂದಿನಂತೆ ಕುಡಿಸಿ. ಗಡ್ಡೆ ಇರುವ ಕಡೆಗೇ ಪದೇಪದೇ ಹಚ್ಚುವುದೂ ಬೇಡ, ನಿಲ್ಲಿಸುವುದೂ ಬೇಡ. ಬ್ರಾ ಎತ್ತಿ ಹಿಡಿಯಬೇಕು, ಎಲ್ಲೂ ಕೊರೆಯಬಾರದು. ತಂತಿ ಇರುವ ಬ್ರಾ ಬಿಚ್ಚಿದಾಗ ಚರ್ಮದಲ್ಲಿ ಗೆರೆ ಮೂಡಿದ್ದು, ಗಡ್ಡೆ ಅದೇ ಗೆರೆಯ ಮೇಲೇ ಇದ್ದರೆ ಕಾರಣ ಅಲ್ಲೇ ಸಿಕ್ಕಿತು.

ಇಷ್ಟರಲ್ಲಿ ಇಳಿಯದಿದ್ದರೆ ಚಿಕಿತ್ಸಕ ಅಲ್ಟ್ರಾಸೌಂಡ್. ಇದು ಸ್ಕ್ಯಾನ್ ಮಾಡುವ ಯಂತ್ರ ಅಲ್ಲ, ಚಿತ್ರ ತೋರಿಸುವುದಿಲ್ಲ, ಶಬ್ದತರಂಗದಿಂದ ಅಂಗಾಂಶಕ್ಕೆ ಮಂದ ಕಾವು ಕೊಡುತ್ತದೆ. ಬಿಸಿ ಬೇಡವೆಂದವರೇ ಈಗ ಕಾವು ಕೊಡುತ್ತೀರಲ್ಲ ಎಂದು ಕೇಳುವುದು ಸಹಜ. ಇಲ್ಲಿ ಕಾವು ಇಡೀ ಎದೆಗಲ್ಲ, ಗುರುತಿಸಿದ ಜಾಗಕ್ಕೆ ಕೆಲವೇ ನಿಮಿಷ. ರೂಢಿಯಲ್ಲಿರುವ ಅಳತೆ 1 ಮೆಗಾಹರ್ಟ್ಸ್, ಚದರ ಸೆಂಟಿಮೀಟರಿಗೆ 2 ವ್ಯಾಟ್, ನಿರಂತರ ತರಂಗ, ಗಡ್ಡೆ ಇರುವ ಒಂದೊಂದು ಜಾಗಕ್ಕೆ 5 ನಿಮಿಷ, ದಿನಕ್ಕೆ ಒಮ್ಮೆ. ಜೆಲ್ ಹಚ್ಚಿ ಯಂತ್ರದ ತಲೆಯನ್ನು ನಿಲ್ಲಿಸದೆ ಆಡಿಸುತ್ತಲೇ ಇರಬೇಕು. ಒಂದೇ ಕಡೆ ನಿಂತರೆ ಆಳದಲ್ಲಿ ಸುಟ್ಟಂತಾಗುತ್ತದೆ. ತಾಯಿಗೆ ಬೆಚ್ಚಗೆ ಅನ್ನಿಸಬೇಕು, ಚುಚ್ಚಿದಂತೆ ಉರಿದಂತೆ ಆದರೆ ತಕ್ಷಣ ಹೇಳಬೇಕು, ನಾವು ತೀವ್ರತೆ ಇಳಿಸುತ್ತೇವೆ. ತೊಟ್ಟು ಮತ್ತು ಅದರ ಸುತ್ತಿನ ಕಪ್ಪು ಭಾಗವನ್ನು ಬಿಡುತ್ತೇವೆ. ಮುಗಿದ ಮೇಲೆ ಜೆಲ್ ಚೆನ್ನಾಗಿ ಒರೆಸಿ ಮಗುವಿಗೆ ಹಾಲೂಡಿಸಲು ಹೇಳುತ್ತೇವೆ. ಮೂರು ದಿನ ಕೊಟ್ಟರೂ ಗಡ್ಡೆ ಮೆತ್ತಗಾಗದಿದ್ದರೆ ನಾಲ್ಕನೆಯದಕ್ಕೆ ಹೋಗದೆ ವೈದ್ಯರಿಗೆ ತೋರಿಸಿ ಸ್ಕ್ಯಾನ್ ಮಾಡಿಸುವುದು ಸರಿ. ಈ ಯಂತ್ರದ ಪ್ರಯೋಜನದ ಬಗ್ಗೆ ನಡೆದ ಅಧ್ಯಯನಗಳು ಕಡಿಮೆ ಮತ್ತು ಚಿಕ್ಕವು. ಅದಕ್ಕೇ ನಾವು ಅದನ್ನು ಮೊದಲ ದಿನವೇ ಹೊರತೆಗೆಯುವುದಿಲ್ಲ. ಕೀವುಗಡ್ಡೆಯ ಅನುಮಾನ ಇದ್ದಾಗ, ಕ್ಯಾನ್ಸರಿನ ಶಂಕೆ ಇದ್ದಾಗ, ಆ ಜಾಗದ ಚರ್ಮಕ್ಕೆ ಸ್ಪರ್ಶ ಸರಿಯಾಗಿ ತಿಳಿಯದಿದ್ದಾಗ ಬಳಸುವಂತೆಯೇ ಇಲ್ಲ.

ಫಿಸಿಯೋ ಕೈ ಬಿಟ್ಟು ವೈದ್ಯರಿಗೆ ಕಳಿಸಬೇಕಾದ ಗಡಿ ಯಾವುದು ಎಂದು ತಾಯಿಗೂ ಗೊತ್ತಿರಬೇಕು. ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿ ಮೈಕೈ ನೋವು, ನಡುಕ ಬಂದು 24 ಗಂಟೆಯಲ್ಲಿ ಇಳಿಮುಖವಾಗದಿದ್ದರೆ, ಕೆಂಪು ಹರಡುತ್ತಾ ಹೋದರೆ ಅದು ಸೋಂಕಿನ ಎದೆಬಾವು, ಆಂಟಿಬಯೋಟಿಕ್ ಬೇಕಾಗುತ್ತದೆ. ತಾಯಿ ತೀರಾ ಸುಸ್ತಾಗಿದ್ದರೆ 24 ಗಂಟೆ ಕಾಯುವುದೂ ಬೇಡ. ಆಗಲೂ ಆ ಎದೆಯ ಹಾಲು ಮಗುವಿಗೆ ಕೆಟ್ಟದ್ದಲ್ಲ, ಕುಡಿಸಬಹುದು. ಗಡ್ಡೆಯ ನಡುವೆ ಒತ್ತಿದಾಗ ನೀರಿನಂತೆ ತುಳುಕಿದರೆ ಕೀವು ತುಂಬಿದೆ, ಅದನ್ನು ಸೂಜಿಯಿಂದಲೋ ಸಣ್ಣದಾಗಿ ಕೊಯ್ದೋ ತೆಗೆಯಬೇಕು. ನೋವಿರಲಿ ಇಲ್ಲದಿರಲಿ, ಎರಡು ವಾರ ಕಳೆದರೂ ಕರಗದ ಗಡ್ಡೆಗೆ ಸ್ಕ್ಯಾನ್ ಆಗಲೇಬೇಕು. ಹಾಲೂಡಿಸುವಾಗಲೂ ಕ್ಯಾನ್ಸರ್ ಬರುತ್ತದೆ, ಅದರಲ್ಲೊಂದು ಬಗೆ ಎದೆಬಾವಿನಂತೆಯೇ ಕೆಂಪಗೆ ಕಾಣುತ್ತದೆ.

ಹೆರಿಗೆಯಾದ ಮೂರನೆಯಿಂದ ಐದನೆಯ ದಿನದೊಳಗೆ ಎರಡೂ ಎದೆ ಬಿಗಿದು ಭಾರವಾಗುವುದು ಬೇರೆ ಸಂಗತಿ. ಹೆರಿಗೆ ಹೊತ್ತಿನಲ್ಲಿ ಡ್ರಿಪ್ ಹೆಚ್ಚು ಹಾಕಿದ್ದರೆ ಇದು ಇನ್ನೂ ಜೋರು. ತೊಟ್ಟಿನ ಸುತ್ತಲಿನ ಭಾಗವೂ ಊದಿ ಗಟ್ಟಿಯಾದಾಗ ಮಗುವಿಗೆ ಹಿಡಿಯಲು ಏನೂ ಸಿಗುವುದಿಲ್ಲ, ಬಾಯಿ ಹಾಕಿ ಜಾರಿ ಅಳುತ್ತದೆ. ಉಗುರು ಕತ್ತರಿಸಿದ ಬೆರಳ ತುದಿಗಳನ್ನು ತೊಟ್ಟಿನ ಬುಡದ ಸುತ್ತ ಇಟ್ಟು ಎದೆಗೂಡಿನ ಕಡೆಗೆ ನೇರವಾಗಿ, ನೋವಾಗದಷ್ಟು, ಸುಮಾರು ಒಂದು ನಿಮಿಷ ಒತ್ತಿ ಹಿಡಿದರೆ ಅಲ್ಲಿನ ನೀರು ಹಿಂದೆ ಸರಿದು ಆ ಭಾಗ ಮೆತ್ತಗಾಗುತ್ತದೆ. ಆ ಕೂಡಲೇ ಮಗುವನ್ನು ಹಚ್ಚಬೇಕು, ತಡಮಾಡಿದರೆ ಮತ್ತೆ ತುಂಬಿಕೊಳ್ಳುತ್ತದೆ. ತುಂಬಾ ಊದಿದ್ದರೆ ಅಂಗಾತ ಮಲಗಿ ಮಾಡುವುದು ಸುಲಭ.

ಮಣಿಕಟ್ಟಿಗೆ ಬರೋಣ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಹೊರ ಅಂಚಿನಲ್ಲಿ ಕತ್ತರಿಸಿದಂತೆ ನೋವು. ಮಗುವನ್ನು ಎತ್ತುವಾಗ ಕೈ ಸೋತು ಬಿಡುವುದು. ಡಿ ಕ್ವೆರ್ವೇನ್ ಎಂಬ ಈ ತೊಂದರೆ ಹೊಸ ತಾಯಂದಿರಲ್ಲಿ ಸಾಮಾನ್ಯ. ಹೆಬ್ಬೆರಳನ್ನು ಹೊರಕ್ಕೆ ಎಳೆಯುವ ಎರಡು ಸ್ನಾಯುರಜ್ಜುಗಳು ಅಲ್ಲಿ ಒಂದು ಕಿರಿದಾದ ಸುರಂಗದಲ್ಲಿ ಹಾಯುತ್ತವೆ, ಆ ಸುರಂಗದ ಗೋಡೆ ದಪ್ಪವಾಗಿ ಉಜ್ಜುತ್ತದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಮಣಿಕಟ್ಟನ್ನು ಕಿರುಬೆರಳಿನ ಕಡೆ ಬಾಗಿಸಿದಾಗ ಅದೇ ಜಾಗ ಹಿಡಿದರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ಈ ಪರೀಕ್ಷೆ ಆರೋಗ್ಯವಂತರಿಗೂ ಸ್ವಲ್ಪ ನೋಯಿಸುತ್ತದೆ; ಎರಡೂ ಕೈ ಹೋಲಿಸಿ ನೋಡದೆ ತೀರ್ಮಾನಿಸಬಾರದು.

ಕಾರಣ ಎತ್ತುವ ರೀತಿ. ಹೆಬ್ಬೆರಳು ಅಗಲಿಸಿ, ಮಗುವಿನ ಎರಡೂ ಕಂಕುಳ ಕೆಳಗೆ ಕೈ ತೂರಿಸಿ ಮೇಲೆತ್ತಿದಾಗ ಭಾರವೆಲ್ಲ ಆ ಎರಡು ರಜ್ಜುಗಳ ಮೇಲೆ. ಅದರ ಬದಲು ಒಂದು ಅಂಗೈ ಮಗುವಿನ ಕತ್ತು ಮತ್ತು ಬೆನ್ನ ಕೆಳಗೆ, ಇನ್ನೊಂದು ಕುಂಡಿಯ ಕೆಳಗೆ, ಅಂಗೈ ಮೇಲ್ಮುಖ, ಹೆಬ್ಬೆರಳು ಉಳಿದ ಬೆರಳುಗಳ ಪಕ್ಕಕ್ಕೇ ಇರಲಿ. ಮಗುವನ್ನು ಮೈಗೆ ಹತ್ತಿರ ತಂದುಕೊಂಡು ಮೊಣಕೈಯಿಂದ ಎತ್ತಿ. ಹಾಲೂಡಿಸುವಾಗಲೂ ಮಗುವಿನ ತಲೆಯನ್ನು ಮಡಚಿದ ಮಣಿಕಟ್ಟಿನ ಮೇಲೆ ಅಲ್ಲ, ಮುಂಗೈ ಮೇಲೆ ಇಡಿ. ಹೆಬ್ಬೆರಳು ಮತ್ತು ಮಣಿಕಟ್ಟು ಎರಡನ್ನೂ ಅಲುಗದಂತೆ ಹಿಡಿಯುವ ಸ್ಪ್ಲಿಂಟ್ ಮೂರರಿಂದ ಆರು ವಾರ ಬೇಕಾಗುತ್ತದೆ. ಮಣಿಕಟ್ಟಿಗೆ ಮಾತ್ರ ಸುತ್ತುವ ಬೆಲ್ಟ್ ಕೊಂಡು ಗುಣವಾಗಲಿಲ್ಲ ಅನ್ನುವವರು ಬಹಳ, ಅದರಲ್ಲಿ ಹೆಬ್ಬೆರಳು ಬಿಡುವಾಗಿಯೇ ಇರುತ್ತದೆ. ಮಗುವಿನ ಚರ್ಮಕ್ಕೆ ತಾಗುವ ಅಂಚಿಗೆ ಮೆತ್ತನೆ ಬಟ್ಟೆ ಹೊಲಿಯಿರಿ. ನೋವು ಇಳಿದ ಮೇಲೆ ಹೆಬ್ಬೆರಳಿಗೆ ನಿಧಾನವಾಗಿ ಬಲ ಕೊಡುವ ವ್ಯಾಯಾಮ. ನೋವಿರುವಾಗಲೇ ರಬ್ಬರ್ ಚೆಂಡು ಹಿಂಡುವುದು ತಪ್ಪು. ಇದಕ್ಕೂ ಬಗ್ಗದಿದ್ದರೆ ವೈದ್ಯರು ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಹೆಚ್ಚಿನವರಿಗೆ ಒಳ್ಳೆಯ ಫಲ ಕೊಡುತ್ತದೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುವುದಾದರೆ ತೊಂದರೆ ಇದಲ್ಲ, ಮಣಿಕಟ್ಟಿನ ನಡುವೆ ನರ ಅಮುಕಿಕೊಂಡಿದೆ. ಅದಕ್ಕೆ ಮಣಿಕಟ್ಟನ್ನು ನೇರವಾಗಿ ಹಿಡಿಯುವ ಸ್ಪ್ಲಿಂಟ್ ರಾತ್ರಿ ಹೊತ್ತು ಸಾಕು.

ಹೊಟ್ಟೆ ಮತ್ತು ಶ್ರೋಣಿ ತಳದ (ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳು) ಪರೀಕ್ಷೆ ಎರಡನೆಯ ಭೇಟಿಗೆ ಇಟ್ಟುಕೊಳ್ಳುವುದು ವಾಸಿ, ಒಂದೇ ದಿನ ಎಲ್ಲವೂ ಬೇಡ. ಅಂಗಾತ ಮಲಗಿ ಮಂಡಿ ಮಡಚಿ ತಲೆಯನ್ನಷ್ಟೇ ಎತ್ತಿದಾಗ ಹೊಕ್ಕುಳ ಗೆರೆಯಲ್ಲಿ ಎರಡು ಬೆರಳಿಗಿಂತ ಹೆಚ್ಚು ಸಂದು ಸಿಕ್ಕರೆ ಹೊಟ್ಟೆಯ ಸ್ನಾಯುಗಳು ಅಗಲಿವೆ ಎಂದು ತಿಳಿಯುತ್ತೇವೆ. ಸಂದಿನ ಅಗಲಕ್ಕಿಂತ ಅದರ ತಳ ಎಷ್ಟು ಬಿಗಿ ಎಂಬುದು ಮುಖ್ಯ. ತಲೆಯೆತ್ತಿದಾಗ ನಡುವೆ ಏಣಿನಂತೆ ಉಬ್ಬಿದರೆ ಸದ್ಯಕ್ಕೆ ಅಂಗಾತ ಮಲಗಿ ಮೇಲೇಳುವ ಸಿಟ್-ಅಪ್ ಬೇಡ; ಉಸಿರು ಬಿಡುತ್ತಾ ಕೆಳಹೊಟ್ಟೆಯನ್ನು ಮೆಲ್ಲಗೆ ಒಳಗೆಳೆಯುವುದರಿಂದ ಶುರುಮಾಡಬೇಕು. ಹಾಸಿಗೆಯಿಂದ ಏಳುವಾಗ ಮೊದಲು ಮಗ್ಗುಲಾಗಿ, ಆಮೇಲೆ ಕೈಯೂರಿ. ಸಿಸೇರಿಯನ್ ಗಾಯ ಪೂರ್ತಿ ಮಾಗಿದ ಮೇಲೆ, ಸಾಮಾನ್ಯವಾಗಿ 6ರಿಂದ 8 ವಾರಕ್ಕೆ, ಗಾಯದ ಗೆರೆಯನ್ನು ಮೇಲೆ ಕೆಳಗೆ ಅಕ್ಕಪಕ್ಕ ದಿನಕ್ಕೆ ಐದು ನಿಮಿಷ ಸರಿಸಿದರೆ ಅಂಟಿಕೊಂಡ ಚರ್ಮ ಬಿಡುತ್ತದೆ, ನೆಟ್ಟಗೆ ನಿಲ್ಲುವುದು ಸುಲಭವಾಗುತ್ತದೆ.

ಹಾಲೂಡಿಸುವಾಗ ಈಸ್ಟ್ರೋಜನ್ ಮಟ್ಟ ತಗ್ಗಿರುತ್ತದೆ. ಯೋನಿಯ ಒಳಪದರ ತೆಳುವಾಗಿ ಒಣಗಿದಂತಾಗುತ್ತದೆ, ಸಂಭೋಗ ನೋಯುತ್ತದೆ, ಮೂತ್ರದ ಅವಸರ ಹೆಚ್ಚಬಹುದು. ಹೊಲಿಗೆ ಸರಿಯಾಗಿ ಹಾಕಲಿಲ್ಲವೇನೋ ಎಂದು ಹಲವರು ಕೊರಗುತ್ತಾರೆ. ಅದು ಹಾರ್ಮೋನಿನ ಕೆಲಸ, ವೈದ್ಯರು ಕೊಡುವ ಕ್ರೀಮಿಗೆ ಬಗ್ಗುತ್ತದೆ. ಶ್ರೋಣಿ ತಳದ ವ್ಯಾಯಾಮ ಮಾತ್ರ 1948ರಲ್ಲಿ ಅಮೆರಿಕದ ಸ್ತ್ರೀರೋಗ ವೈದ್ಯ ಆರ್ನಲ್ಡ್ ಕೆಗೆಲ್ ವಿವರಿಸಿದ್ದರಿಂದ ಬಂದದ್ದೇ: ಹೂಸು ತಡೆಯುವಂತೆ ಗುದದ್ವಾರವನ್ನು ಬಿಗಿದು, ಅದನ್ನೇ ಮುಂದಕ್ಕೆ ಮೇಲಕ್ಕೆ ಎತ್ತಿ 8ರಿಂದ 10 ಸೆಕೆಂಡ್ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲಿಸುವುದು. 8ರಿಂದ 12 ಸಲ, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು. ಉಸಿರು ಕಟ್ಟಬಾರದು, ಕುಂಡಿ ಬಿಗಿಯಬಾರದು. ಮೂತ್ರ ಹೋಗುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡುವುದು ಬೇಡ. ಹತ್ತು ಸೆಕೆಂಡ್ ಬಾರದವರು ಮೂರರಿಂದ ಶುರುಮಾಡಲಿ. ಆದರೆ ಕೆಲವರ ಸ್ನಾಯು ನೋವಿಗೆ ಹೆದರಿ ಮೊದಲೇ ಬಿಗಿದುಕೊಂಡಿರುತ್ತದೆ, ಅವರಿಗೆ ಇನ್ನಷ್ಟು ಬಿಗಿಸಿದರೆ ನೋವು ಏರುತ್ತದೆ. ಮೊದಲು ಸಡಿಲಿಸಲು ಕಲಿಸಬೇಕು. ಪರೀಕ್ಷಿಸದೆ ಎಲ್ಲರಿಗೂ ಒಂದೇ ಚೀಟಿ ಕೊಡಬಾರದು ಎನ್ನುವುದು ಇದಕ್ಕೇ.

ಮಗುವಿಗೂ ಫಿಸಿಯೋ ಬೇಕಾಗುವ ಸಂದರ್ಭ ಇದೆ. ಒಂದು ಕಡೆಯ ಎದೆಗೆ ಹಚ್ಚಿದರೆ ಸರಾಗವಾಗಿ ಕುಡಿಯುವ ಮಗು ಇನ್ನೊಂದು ಕಡೆ ಅತ್ತು ಹಿಂದಕ್ಕೆ ಬಾಗುತ್ತದೆ, ಮಲಗಿದಾಗ ತಲೆ ಸದಾ ಒಂದೇ ಕಡೆ ತಿರುಗಿರುತ್ತದೆ. ಕತ್ತಿನ ಒಂದು ಬದಿಯ ಸ್ನಾಯು ಬಿಗಿದಿದೆಯೇ ಎಂದು ಮಕ್ಕಳ ಫಿಸಿಯೋ ನೋಡಬೇಕು. ಅಷ್ಟರಲ್ಲಿ ತಾಯಿ ಒಂದು ಉಪಾಯ ಮಾಡಬಹುದು: ಮಗು ಇಷ್ಟಪಡುವ ಕಡೆ ಕುಡಿಸುವ ಭಂಗಿಯಲ್ಲೇ, ಮೈ ತಿರುಗಿಸದೆ ಇನ್ನೊಂದು ಎದೆಗೆ ಜಾರಿಸಿ ಕಂಕುಳ ಕೆಳಗೆ ಹಿಡಿದುಕೊಳ್ಳುವುದು. ಕತ್ತಿನ ಕೋನ ಅದೇ ಇರುವುದರಿಂದ ಅದು ತಕರಾರು ಮಾಡುವುದಿಲ್ಲ. ಎಚ್ಚರ ಇರುವಾಗ, ಕಣ್ಣೆದುರಿಗೇ, ದಿನಕ್ಕೆ ಹಲವು ಸಲ ಕೆಲವು ನಿಮಿಷ ಬೋರಲು ಮಲಗಿಸಿ. ಮೊದಲ ತಿಂಗಳಲ್ಲೇ ಚಿಕಿತ್ಸೆ ಶುರುವಾದರೆ ಬೇಗ ಸರಿಹೋಗುತ್ತದೆ, ತಡವಾದಷ್ಟೂ ತಿಂಗಳುಗಳು ಹಿಡಿಯುತ್ತವೆ, ತಲೆ ಒಂದು ಕಡೆ ಚಪ್ಪಟೆಯಾಗುತ್ತದೆ. ಕತ್ತನ್ನು ನೀವೇ ತಿರುಗಿಸಿ ಎಳೆಯಲು ಮಾತ್ರ ಹೋಗಬೇಡಿ.

ನಡಿಗೆ, ಓಟ, ವ್ಯಾಯಾಮದಿಂದ ಹಾಲು ಕಡಿಮೆಯಾಗುತ್ತದೆಯೇ ಎಂಬ ಭಯಕ್ಕೆ ಆಧಾರವಿಲ್ಲ. ಮಧ್ಯಮ ವ್ಯಾಯಾಮ ಹಾಲಿನ ಪ್ರಮಾಣವನ್ನು ತಗ್ಗಿಸುವುದಿಲ್ಲ, ಮಗುವಿನ ಬೆಳವಣಿಗೆಗೂ ಅಡ್ಡಿಯಿಲ್ಲ. ಹಾಲೂಡಿಸಿದ ಮೇಲೆ ಹೊರಟರೆ ಎದೆ ಹಗುರ, ಅಷ್ಟೇ. ಕುಣಿತ, ಓಟದಂಥ ನೆಲಕ್ಕೆ ಅಪ್ಪಳಿಸುವ ವ್ಯಾಯಾಮಕ್ಕೆ ಸಾಮಾನ್ಯವಾಗಿ ಹೆರಿಗೆಯಾಗಿ ಮೂರು ತಿಂಗಳು ಕಾಯುವುದು ಒಳ್ಳೆಯದು. ಅದಕ್ಕೆ ಕಾರಣ ಹಾಲು ಅಲ್ಲ, ಶ್ರೋಣಿ ತಳ.

ಭೇಟಿಗಳು ಎಷ್ಟು ಎಂಬುದು ತೊಂದರೆಯ ಮೇಲೆ. ಕಟ್ಟಿದ ಹಾಲಿಗೆ ಸತತ ಎರಡು ಮೂರು ದಿನ, ಬೆನ್ನು ಕತ್ತಿಗೆ ವಾರಕ್ಕೊಮ್ಮೆಯಂತೆ ಕೆಲವು ವಾರ, ಶ್ರೋಣಿ ತಳಕ್ಕೆ ತಿಂಗಳಿಗೊಮ್ಮೆ ಬಂದರೂ ನಡೆಯುತ್ತದೆ. ಬೆನ್ನುನೋವು ಎರಡು ಮೂರು ವಾರದಲ್ಲಿ ಸ್ವಲ್ಪವೂ ಕಡಿಮೆಯಾಗದಿದ್ದರೆ ನಾವು ಮತ್ತೆ ಮೊದಲಿನಿಂದ, ಹಾಲೂಡಿಸುವುದನ್ನು ನೋಡುವುದರಿಂದ ಶುರುಮಾಡುತ್ತೇವೆ. ಹೆಚ್ಚಿನ ಸಲ ಭಂಗಿ ಹಗಲಲ್ಲಿ ಸರಿಯಾಗಿದ್ದು ರಾತ್ರಿ ಹಳೆಯದಕ್ಕೇ ಮರಳಿರುತ್ತದೆ. ರಾತ್ರಿಯ ಒಂದು ಫೋಟೋವನ್ನು ಮನೆಯವರಿಂದ ತೆಗೆಸಿ ತರಲು ಹೇಳುವುದು ಈ ಕಾರಣಕ್ಕೆ. ಆರು ತಿಂಗಳ ಹೊತ್ತಿಗೆ ಮಗುವಿನ ತೂಕ ಹುಟ್ಟಿದಾಗಿನದರ ಎರಡರಷ್ಟಾಗಿರುತ್ತದೆ, ಅದೂ ತಾನೇ ಎದ್ದು ತಿರುಗಿ ಎಳೆದಾಡುತ್ತದೆ. ಆಗ ದಿಂಬನ್ನು ಬಿಟ್ಟು ತೊಡೆಯ ಮೇಲೆ ಕೂರಿಸಿಕೊಂಡು ಕುಡಿಸುವುದಕ್ಕೆ ಬದಲಾಯಿಸಬೇಕು. ಹಾಲು ಬಿಡಿಸುವಾಗ ಒಂದೊಂದೇ ಹೊತ್ತನ್ನು ಮೂರು ನಾಲ್ಕು ದಿನಕ್ಕೊಮ್ಮೆ ಕಡಿಮೆ ಮಾಡುತ್ತಾ ಬನ್ನಿ. ಒಮ್ಮೆಗೇ ನಿಲ್ಲಿಸಿದರೆ ಎದೆ ಮತ್ತೆ ಕಟ್ಟಿಕೊಳ್ಳುತ್ತದೆ. ಆಗಲೂ ತಣ್ಣನೆ ಪ್ಯಾಕ್, ಅದೇ ಹಗುರ ಸವರುವಿಕೆ, ಬಿಗಿತ ತಗ್ಗುವಷ್ಟು ಮಾತ್ರ ಕೈಯಿಂದ ಹಾಲು ತೆಗೆಯುವುದು.